ಕಣ್ಣಿನ ಕಾಡಿಗೆ, ತೆನೆಯ ಕಾಡಿಗೆ

ಆ ವರ್ಷದ ಬೀಜದ ಜೋಳವನ್ನು ನಾನು ಅದ್ದಲಿಲ್ಲ. ಅದ್ದಿದೆ ಎಂದು ಹೇಳಿದೆ. ಕೆಲಸ ದೊಡ್ಡದೇನಲ್ಲ. ಬಾನಿಯಲ್ಲಿ ಮೈಲುತುತ್ತದ ನೀರು, ಅದರೊಳಗೆ ಜೋಳ, ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತು ಕಾಯುವುದು, ಆಮೇಲೆ ತೆಗೆದು ನೆರಳಲ್ಲಿ ಹರಡುವುದು. ಅಷ್ಟನ್ನು ಮಾಡದೆ ಹೋದದ್ದು ಸೋಮಾರಿತನ, ಅದಕ್ಕೆ ನಾಲ್ಕು ಬೈಗುಳ ತಿಂದಿದ್ದರೆ ಮುಗಿಯುತ್ತಿತ್ತು. ಆದರೆ ಅದರ ಭಾರವನ್ನೆಲ್ಲ ಮನೆಯವರು ನನ್ನ ಅಕ್ಕ ಹಾಲಮ್ಮನ ತಲೆಯ ಮೇಲೆ ಹೊರಿಸುತ್ತಿದ್ದಾಗ, ಅದೇ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ನನ್ನ ಓದು ಕೂಲಿಮಠದ ಎರಡನೇ ಪುಸ್ತಕದ ನಡುವೆಯೇ ನಿಂತದ್ದು; ಬರವಣಿಗೆ ಬಲ್ಲವನಲ್ಲ. ಇದನ್ನು ಬರೆಯಲು ಕುಳಿತಾಗ ಮೊದಲು ಕೈಗೆ ಬಂದದ್ದು ಆ ಮೊದಲ ಸಾಲೇ. ಉಳಿದದ್ದು ಅದರ ಹಿಂದೆ ಬರುತ್ತಿದೆ.

ನಮ್ಮ ಮನೆ ಭರಮಸಾಗರಕ್ಕೆ ಒಂದು ಹರದಾರಿ ದೂರದ ಹಳ್ಳಿಯಲ್ಲಿತ್ತು. ದೊಡ್ಡ ಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದುದು ದನಗಳ ಅಂಕಣ. ಎಂಥ ನೆಂಟರು ಬಂದರೂ ಎತ್ತುಗಳ ಮುಖ ನೋಡಿಕೊಂಡೇ ಒಳಗೆ ಬರಬೇಕು. ಅಲ್ಲಿಂದ ಎರಡು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಬಲಕ್ಕೆ ಅಡುಗೆಮನೆ, ಎಡಕ್ಕೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಅದಕ್ಕೆ ಬೀಜದ ಕೋಣೆ ಎಂದೇ ಹೆಸರು. ತಿನ್ನುವ ಜೋಳ ಊರ ಮುಂದಿನ ಹಗೇವಿನಲ್ಲಿ, ನೆಲದೊಳಗೆ ಇರುತ್ತಿತ್ತು. ಬಿತ್ತುವ ಜೋಳ ಮಾತ್ರ ಈ ಕೋಣೆಯ ಮಣ್ಣಿನ ಗುಡಾಣಗಳಲ್ಲಿ, ಬೂದಿ ಮತ್ತು ಬೇವಿನ ಸೊಪ್ಪಿನ ಜೊತೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತಿತ್ತು. ಆ ಕೋಣೆಗೆ ಯಜಮಾನಿ ನಮ್ಮಜ್ಜಿ, ಅಪ್ಪನ ತಾಯಿ. ಊರ ಪಂಚಾಯ್ತಿಯಲ್ಲಿ ಏರುದನಿಯಲ್ಲಿ ಮಾತಾಡುವ ಅಪ್ಪ ಕೂಡ ಆ ಹೊಸಿಲಿನ ಹೊರಗೆ ನಿಂತು "ಅವ್ವಾ, ಬರ್ಲಾ?" ಎಂದು ಕೇಳಿಯೇ ಕಾಲಿಡುತ್ತಿದ್ದ. ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡಿರಬೇಕು, ಎಂಜಲು ಬಾಯಲ್ಲಿ ಹೋಗಬಾರದು, ಗುಡಾಣದ ಎದುರು ಸೀನಬಾರದು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು: ಕಣ್ಣಿಗೆ ಕಾಡಿಗೆ ಹಚ್ಚಿಕೊಂಡ ಹೆಂಗಸು ಗುಡಾಣದ ಬಟ್ಟೆ ಬಿಚ್ಚುವಂತಿಲ್ಲ.

ಇದಕ್ಕೆ ಕಾರಣ ಒಂದು ಹೆಸರು. ಜೋಳದ ತೆನೆಗೆ ಬೀಳುವ ರೋಗವನ್ನೂ ನಾವು ಕಾಡಿಗೆ ಎಂದೇ ಅನ್ನುವುದು. ಕಾಳು ಇರಬೇಕಾದ ಕಡೆ ಬೂದು ಬಣ್ಣದ ಒಂದು ಪುಟ್ಟ ಚೀಲ ಇರುತ್ತದೆ. ಹಿಸುಕಿದರೆ ಒಳಗಿಂದ ಕಪ್ಪು ಪುಡಿ ಹಾರುತ್ತದೆ. ಹೆಸರು ಒಂದೇ ಆದ ಮೇಲೆ ನೆಂಟಸ್ತನವೂ ಇದ್ದೇ ಇರುತ್ತದೆ, ಕಣ್ಣಿನ ಕಾಡಿಗೆ ಕಂಡರೆ ತೆನೆಯ ಕಾಡಿಗೆ ಎದ್ದು ಬರುತ್ತದೆ ಎಂದು ಅಜ್ಜಿ ನಂಬಿದ್ದಳು. ಬೇರೆ ಮನೆಗಳಲ್ಲಿ ಈ ಕಟ್ಟಳೆ ಇತ್ತೋ ಇಲ್ಲವೋ ಕಾಣೆ. ಮಕ್ಕಳಾಗಿದ್ದಾಗ ನಾನೂ ಅಕ್ಕನೂ ಅಂಥ ತೆನೆಗಳನ್ನು ಹುಡುಕಿ ಮುರಿದು, ಆ ಪುಡಿಯಿಂದ ಮೀಸೆ ಬರೆದುಕೊಂಡು ಎತ್ತುಗಳ ಮುಂದೆ ಕುಣಿಯುತ್ತಿದ್ದೆವು. ಅಜ್ಜಿ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳ ಕೈಗುಣ ಒಳ್ಳೆಯದು ಎಂಬ ಮಾತು ಮನೆಯಲ್ಲಿ ಹುಟ್ಟಿ ಊರಿಗೂ ಹಬ್ಬಿತ್ತು. ಅವಳು ಹೆಪ್ಪು ಹಾಕಿದರೆ ಮೊಸರು ಕತ್ತರಿಸುವಂತಾಗುತ್ತದೆ, ಅವಳು ನೆಟ್ಟ ಅವರೆ ಬಳ್ಳಿ ಮಾಡಿಗೆ ಹಬ್ಬುತ್ತದೆ ಎಂದು ಅವ್ವ ನೆರೆಯವರ ಮುಂದೆ ಹೇಳುತ್ತಿದ್ದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಮೃಗಶಿರೆ ಮಳೆ ಬಿದ್ದು ಕೂರಿಗೆ ಹೂಡುವ ಮುಂಜಾನೆ ಗುಡಾಣದಿಂದ ಮೊದಲ ಬೊಗಸೆ ತೆಗೆಯುವವಳು ಅವಳೇ. ನಮ್ಮ ಮನೆಯಲ್ಲಿ ಹೆಣ್ಣುಮಗುವಿಗೆ ಸಿಕ್ಕ ದೊಡ್ಡ ಗೌರವ ಅದು. ಊಟದ ಹೊತ್ತಿಗೂ ಅಷ್ಟೇ. ಅಪ್ಪ ಲಿಂಗಪೂಜೆ ಮುಗಿಸಿ ತಟ್ಟೆಯ ಮುಂದೆ ಕೂತರೆ, "ಹಾಲಮ್ಮ ಬಡಿದ ರೊಟ್ಟಿ ಹಾಕ್ರಿ" ಎನ್ನುತ್ತಿದ್ದ. ಬಿಸಿ ರೊಟ್ಟಿ, ಹುರುಳಿ ಸಾರು, ಗುರೆಳ್ಳು ಪುಡಿ, ಬೆಣ್ಣೆ. ಕೊನೆಯ ರೊಟ್ಟಿಯನ್ನು ಅವಳು ಯಾವಾಗಲೂ ಸ್ವಲ್ಪ ಗರಿಗರಿ ಮಾಡಿ ನನಗೆ ಎತ್ತಿಡುತ್ತಿದ್ದಳು. ಇದನ್ನೆಲ್ಲ ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತದೆ.

ನನಗೆ ಹದಿನೇಳು ತುಂಬಿದ ವರ್ಷ, ಮುಂಗಾರಿಗೆ ಮೊದಲು, ಮಹಾರಾಜರ ಸರ್ಕಾರದ ಬೇಸಾಯದ ಇಲಾಖೆಯವರೊಬ್ಬರು ನಮ್ಮೂರಿಗೆ ಬಂದರು. ಕೊರಳು ಮುಚ್ಚುವ ಕೋಟು, ತಲೆಗೆ ಪೇಟ, ಜೇಬಿನಲ್ಲಿ ಹಿತ್ತಾಳೆ ಕಟ್ಟಿನ ಒಂದು ಭೂತಗನ್ನಡಿ. ಊರವರು ಅವರನ್ನು ಬೇಸಾಯದ ಸಾಹೇಬರು ಎಂದರು. ಹಿಂದಿನ ಸುಗ್ಗಿಯಲ್ಲಿ ಎಲ್ಲರ ಹೊಲದಲ್ಲೂ ಕಾಡಿಗೆ ಹೆಚ್ಚಾಗಿತ್ತು. ಅವರು ನಮ್ಮ ಪಡಸಾಲೆಯಲ್ಲಿ ಕೂತು, ಕಣದ ಮೂಲೆಯಲ್ಲಿ ಉಳಿದಿದ್ದ ಒಂದು ಕಪ್ಪು ತೆನೆಯನ್ನು ಅಂಗೈ ಮೇಲಿಟ್ಟುಕೊಂಡು ಮೈಸೂರು ಕಡೆಯ ಮಾತಿನಲ್ಲಿ ಬಿಡಿಸಿ ಹೇಳಿದರು.

"ಇದು ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ. ಈ ಪುಡಿಯ ಒಂದೊಂದು ಕಣವೂ ಒಂದು ಬೀಜ. ಬೂಷ್ಟಿನ ಜಾತಿಯದು, ಬರಿಗಣ್ಣಿಗೆ ಕಾಣುವುದಿಲ್ಲ. ನೀವು ಕಣದಲ್ಲಿ ತೆನೆಗಳ ಮೇಲೆ ರೋಣಗಲ್ಲು ಎಳೆಯುವಾಗ ಚೀಲ ಒಡೆದು ಒಳ್ಳೆಯ ಕಾಳಿಗೆ ಅಂಟಿಕೊಳ್ಳುತ್ತೆ. ಜೋಳ ಬಿತ್ತಿದ ದಿನವೇ ಅದನ್ನೂ ಬಿತ್ತುತ್ತೀರಿ. ಮೊಳಕೆಯೊಳಗೆ ಸೇರಿಕೊಂಡು, ದಂಟಿನೊಳಗೇ ಮೇಲೇರುತ್ತೆ. ತೆನೆ ಬರುವವರೆಗೂ ಪೈರು ಹಸಿರಾಗೇ ಇರುತ್ತೆ, ಯಾರಿಗೂ ಗೊತ್ತಾಗುವುದಿಲ್ಲ."

ನಡುಮನೆಯ ಬಾಗಿಲ ಮರೆಯಿಂದ ಅಜ್ಜಿ ಕೇಳಿದಳು:

"ಅಲ್ರೀ ಸಾಹೇಬ್ರೇ, ಕಾಳು ಕೂರೋ ಜಾಗದಾಗೇ ಹೋಗಿ ಕೂರ್ಬೇಕು ಅಂತ ಅದಕ್ಕೆ ಯಾರು ಹೇಳಿಕೊಟ್ರಂತೆ?"

ಅವರು ನಕ್ಕರು.

"ನೀವೇ ಅಜ್ಜಿ. ನೀವು, ನಿಮ್ಮ ಅಜ್ಜಿ, ಅವರ ಅಜ್ಜಿ. ಹಿಂದೆ ಇದರಲ್ಲೂ ನಾನಾ ಬಗೆ ಇದ್ದಿರಬೇಕು. ಬೇಗ ಒಡೆದು ಹೊಲದಲ್ಲೇ ಉದುರಿದ್ದು ಹಾಳಾಯಿತು. ಚೀಲ ಕಟ್ಟಿಕೊಂಡು ಕಣದವರೆಗೂ ಕಾದದ್ದು ನಿಮ್ಮ ಗುಡಾಣ ಸೇರಿ ಉಳಿಯಿತು. ನೀವು ಬೀಜ ಕಾಪಾಡುವ ಹಾಗೆ ಅದನ್ನೂ ಕಾಪಾಡಿದ್ದೀರಿ."

"ಅಯ್ಯೋ, ನನ್ ಕ್ವಾಣ್ಯಾಗೆ ನಾನೇ ಕಳ್ಳನ್ನ ಸಾಕ್ದಂಗಾತು" ಎಂದು ಅಜ್ಜಿ ಒಳಗೆ ಹೋದಳು. ಅಪ್ಪ ಬಿದ್ದುಬಿದ್ದು ನಕ್ಕ.

ಕಾಳಿಗೆ ಅಂಟಿದ ಆ ಪುಡಿಯನ್ನು ಕೊಲ್ಲಲು ಸಾಹೇಬರು ಮೈಲುತುತ್ತದ ನೀಲಿ ಹರಳಿನ ಒಂದು ಪೊಟ್ಟಣ ಕೊಟ್ಟರು. ನನಗೆ ಅಕ್ಷರ ಬರುತ್ತದೆ ಎಂದು ಅಪ್ಪ ಹೇಳಿದ್ದರಿಂದ ಮಾಡುವ ಕ್ರಮವನ್ನು ಒಂದು ಚೀಟಿಯಲ್ಲಿ ನನ್ನಿಂದಲೇ ಬರೆಸಿದರು. ಕಬ್ಬಿಣದ ಪಾತ್ರೆ ಬೇಡ, ಮಣ್ಣಿನ ಬಾನಿ. ಜೋಳ ಪೂರ್ತಿ ಮುಳುಗಬೇಕು. ಬೀಜ ತುಂಬುವ ಹಳೆಯ ಗೋಣಿಚೀಲವನ್ನೂ ಅದೇ ನೀರಲ್ಲಿ ಜಾಲಿಸಬೇಕು. ಅಪ್ಪ ಊರೆಲ್ಲ ಹೇಳಿಕೊಂಡು ಬಂದ, "ನಮ್ ರುದ್ರಂಗೆ ವಹಿಸ್ಯಾರೆ ಸಾಹೇಬ್ರು." ಬೇರೆಯವರು ನಮ್ಮ ಹೊಲ ನೋಡಿಕೊಂಡು ಮುಂದಿನ ವರ್ಷ ಮಾಡುವುದೆಂದು ಮಾತಾಯಿತು.

ಅದ್ದಿ ಒಣಗಿಸಬೇಕಾದ್ದರಿಂದ ಆ ವರ್ಷ ಬಿತ್ತನೆಗೆ ಮೊದಲೇ ಬೀಜ ತೆಗೆಯಬೇಕಾಯಿತು; ಆ ದಿನ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಬಂದವು. ಹೊಳಲ್ಕೆರೆ ಕಡೆಯ ಒಂದು ಮನೆತನದವರು ಅಕ್ಕನನ್ನು ಒಪ್ಪಿದ್ದರು. ಆ ಮನೆಯ ಹೆಂಗಸರು ಮಧ್ಯಾಹ್ನ ಸೀರೆ ಕುಪ್ಪಸ ತರುವವರಿದ್ದರು. ಅವ್ವ ಬೆಳಗ್ಗೆಯೇ ಅಕ್ಕನಿಗೆ ತಲೆ ಬಾಚಿ, ಹೂ ಮುಡಿಸಿ, ಕಣ್ಣಿಗೆ ಕಾಡಿಗೆ ತಿದ್ದಿದ್ದಳು. ಅದೇ ದಿನ ಭರಮಸಾಗರದಲ್ಲಿ ಕುಸ್ತಿ. ಆರು ತಿಂಗಳಿಂದ ಗರಡಿ ಮನೆಯಲ್ಲಿ ಮೈ ಬಗ್ಗಿಸಿದ್ದ ನನಗೆ ಮೊದಲ ಸಲ ಎದುರಾಳಿಯೊಬ್ಬನ ಜೊತೆ ಜೋಡಿ ಕಟ್ಟಿದ್ದರು. ಅಜ್ಜಿ ಸೊಂಟ ಹಿಡಿದುಕೊಂಡು ಮಲಗಿದ್ದಳು. ನಾನು ಬೀಜದ ಕೋಣೆಯ ಹೊರಗೆ ನಿಂತು ಅಕ್ಕನನ್ನು ಕೂಗಿದೆ.

"ತಡೀಲೇ, ಕಾಡಿಗೆ ಹಚ್ಯಾಳೆ ಅವ್ವ. ಮುಖ ತೊಳ್ಕಂಡು ಬರ್ತೀನಿ."

"ಸೆರಗಿನಾಗೆ ಒರೆಸ್ಕಂಡ್ರೆ ಆತು ಬಾರೆ. ನಂಗೆ ಹೊತ್ತಾಗ್ತೈತೆ."

"ಅಜ್ಜಿ ನೋಡಿದ್ರೆ ನನ್ನ ಹೂತಾಕ್ತಾಳೆ."

"ಅಜ್ಜಿ ಮಲಗ್ಯಾಳೆ. ಬಾ ಅಂದ್ರೆ ಬಾ."

ಅವಳು ಸೆರಗಿನ ತುದಿಯಿಂದ, ಆಮೇಲೆ ಬೆರಳಿನಿಂದ ಒರೆಸಿಕೊಂಡು ಬಂದು ಬಟ್ಟೆ ಬಿಚ್ಚಿದಳು. ಜೋಳ ತೆಗೆದು ಚೀಲಕ್ಕೆ ಸುರಿದೆವು. ಹಿತ್ತಿಲಲ್ಲಿ ಬಾನಿಗೆ ಎರಡು ಕೊಡ ನೀರು ತುಂಬಿದವಳೂ ಅವಳೇ. "ಪೂರ್ತಿ ಮುಳುಗಿಸ್ಬೇಕಂತೆ, ನೋಡ್ಕ" ಎಂದು ಹೇಳಿ ಒಳಗೆ ಹೋದಳು. ನಾನು ಪೊಟ್ಟಣ ಬಿಚ್ಚಿ ನೀರಿಗೆ ಹಾಕಿದೆ. ನೀರು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಗರಡಿಯ ಗೆಳೆಯರು ಬೇಲಿಯ ಆಚೆಯಿಂದ, "ಲೇ ರುದ್ರಾ, ಹೋಗಾಣ ಬಾರಲೇ, ಗಾಡಿ ಹೊಂಟೈತೆ" ಎಂದು ಕೂಗಿದರು. ನಾನು ಜೋಳವನ್ನು ಈಚಲ ಚಾಪೆಯ ಮೇಲೆ ಸುರಿದೆ. ಬೇವಿನ ಟೊಂಗೆಯೊಂದನ್ನು ಬಾನಿಯಲ್ಲಿ ಅದ್ದಿ, ರಾಶಿಯ ಮೇಲೆ ನಾಲ್ಕು ಸಲ ಚಿಮುಕಿಸಿದೆ. ಮೇಲಿನ ಕಾಳು ನೀಲಿಯಾದವು. ಬಾನಿಯನ್ನು ತಿಪ್ಪೆಗೆ ಬೋರಲು ಹಾಕಿ ಓಡಿದೆ. ಚೀಲವನ್ನು ಮುಟ್ಟಲೂ ಇಲ್ಲ.

ಕುಸ್ತಿಯಲ್ಲಿ ನಾನು ಗೆದ್ದೆ. ಕೆಂಪು ರುಮಾಲು ಕೊಟ್ಟರು. ಸಂಜೆ ಮನೆಗೆ ಬಂದಾಗ ಹೊಳಲ್ಕೆರೆಯ ಹೆಂಗಸರು ಹೋಗಿಯಾಗಿತ್ತು, ಅಕ್ಕ ಹೊಸ ಸೀರೆಯಲ್ಲಿದ್ದಳು. ಆ ರುಮಾಲನ್ನು ನನ್ನ ತಲೆಗೆ ಅವಳೇ ಸುತ್ತಿ, "ಮದುವಣಿಗ ನೀನಾ, ಅವ್ನಾ?" ಎಂದು ನಕ್ಕಳು. ಅಪ್ಪ ಚಾಪೆಯ ಮೇಲಿನ ನೀಲಿ ಜೋಳವನ್ನು ತೋರಿಸಿ, "ಕೆಲಸನೂ ಮುಗಿಸಿ, ಕುಸ್ತಿನೂ ಗೆದ್ದಾನೆ" ಎಂದ. ಪೂರ್ತಿ ಅದ್ದಿದೆ ಎಂದು ಹೇಳಿ, ಬಣ್ಣ ಹತ್ತದ ಅಡಿಯ ಕಾಳು ಕಾಣದಂತೆ ನಾನೇ ಅದನ್ನು ಚೀಲಕ್ಕೆ ತುಂಬಿದೆ, ಬೇರೆಯವರ ಕೈಗೆ ಬಿಡಲಿಲ್ಲ.

ಪೈರು ಆಳೆತ್ತರ ಬೆಳೆಯಿತು. ಮದುವೆ ಸುಗ್ಗಿಯಾದ ಮೇಲೆ ಎಂದು ನಿಶ್ಚಯವಾಯಿತು. ಶೀಗೆ ಹುಣ್ಣಿಮೆಗೆ ನಾವು ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತೇವೆ. ತುಂಬಿದ ಬಸುರಿಗೆ ಬಯಕೆಯ ಊಟ ಹಾಕಿದಂತೆ, ತೆನೆ ಹೊತ್ತ ಹೊಲಕ್ಕೆ ಎಡೆ ಹಾಕುವುದು. ಅಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಮುಂದೆ ನಡೆದಳು. ಬದುವಿನ ಮೇಲೆ ನಿಂತ ಅಪ್ಪ ಮೊದಲು ನೋಡಿದ. ಸಾಲಿಗೆ ಎರಡು, ಮೂರು, ನಾಲ್ಕು ತೆನೆ ಬೂದುಬಣ್ಣಕ್ಕೆ ಇಳಿದಿದ್ದವು. ಅವನು ಒಂದನ್ನು ಹಿಸುಕಿದ. ಬೆರಳು ಕಪ್ಪಾಯಿತು. ಪಕ್ಕದ ಹೊಲಗಳಲ್ಲೂ ಅಷ್ಟೇ ಇತ್ತು. ಆದರೆ ಪಕ್ಕದವರು ಔಷಧ ಹಾಕಿರಲಿಲ್ಲ. ಎಡೆ ಹಾಗೇ ಉಳಿಯಿತು. ಯಾರೂ ಉಣ್ಣಲಿಲ್ಲ.

ಮನೆಗೆ ಬಂದ ಮೇಲೆ ಅಜ್ಜಿ ಬೀಜದ ಕೋಣೆಗೆ ಹೋಗಿ ಗುಡಾಣದ ಬಿಳಿ ಬಟ್ಟೆಯನ್ನು ತಂದು ಪಡಸಾಲೆಯ ನಡುವೆ ಹಾಸಿದಳು. ಅಂಚಿನಲ್ಲಿ ಎರಡು ಬೆರಳಿನ ಕಪ್ಪು ಗುರುತು ಇತ್ತು.

"ಇದು ಯಾರ ಬೆರಳು?"

ಅಕ್ಕ ನೋಡಿದಳು. "ನಂದೇ, ಅಜ್ಜಿ. ಒರೆಸ್ಕಂಡಿದ್ದೆ."

"ಒರೆಸ್ಕಂಡಿದ್ಯಾ! ಹಸೆಮಣೆ ಏರಾ ಅವಸರ ನಿಂಗೆ. ಕಣ್ಣಿಗೆ ಕಪ್ಪು ಬಳ್ಕಂಡು ನನ್ನ ಬೀಜ ಮುಟ್ಟಿದ್ಯಲ್ಲೇ!"

"ಸಾಹೇಬ್ರು ಇದು ದೃಷ್ಟಿನೂ ಅಲ್ಲ, ಗ್ರಹಚಾರನೂ ಅಲ್ಲ ಅಂದಿದ್ರಲ್ಲ ಅವ್ವಾ" ಎಂದು ಅಪ್ಪ ಮೆಲ್ಲಗೆ ಅಂದ.

"ಹಂಗಾರೆ ಅವ್ರ ಔಷಧ ಹಾಕಿದ್ ಮ್ಯಾಲೂ ಯಾಕೆ ಬಂತು? ಹೇಳಪ್ಪ. ರುದ್ರ ಅದ್ದಿದ್ ನೀಲಿ ಜೋಳ ನೀನೇ ನೋಡಿದ್ಯಲ್ಲ."

ಅದಕ್ಕೆ ಉತ್ತರ ಗೊತ್ತಿದ್ದ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಔಷಧ ಹಾಕಿದೆ ಎಂಬ ನನ್ನ ಸುಳ್ಳೊಂದು ಇರದಿದ್ದರೆ ಯಾರೂ ಬೇರೆ ಕಾರಣ ಹುಡುಕುತ್ತಿರಲಿಲ್ಲ; ಊರಿಗೆಲ್ಲ ಬಂದಂತೆ ನಮಗೂ ಬಂತು ಎಂದು ಸುಮ್ಮನಾಗುತ್ತಿದ್ದರು. ಒರೆಸಿಕೊಂಡು ಬಾ ಎಂದು ಅವಸರ ಮಾಡಿದವನೂ ನಾನೇ. ಅಕ್ಕ ಅದನ್ನಾದರೂ ಹೇಳಬಹುದಿತ್ತು. ಒಮ್ಮೆ ನನ್ನ ಕಡೆ ನೋಡಿದಳು, ಹೇಳಲಿಲ್ಲ. ನನಗೆ ಬೈಗುಳ ಬೀಳುವುದು ಅವಳಿಗೆ ಬೇಡವಾಗಿತ್ತು.

ನಾಲ್ಕು ದಿನಕ್ಕೆ ಸಾಹೇಬರೇ ಹೊಲ ನೋಡಲು ಬಂದರು. ದೇವರು ಇನ್ನೊಂದು ಅವಕಾಶ ಕೊಟ್ಟ ಎಂದು ಈಗ ಅನ್ನಿಸುತ್ತದೆ. ತೆನೆಗಳ ನಡುವೆ ನಿಂತು ಅವರು ನನ್ನನ್ನು ಕೇಳಿದರು:

"ಪೂರ್ತಿ ಮುಳುಗಿಸಿದೆಯಾ?"

"ಪೂರ್ತಿ ಸ್ವಾಮಿ."

"ಚೀಲ?"

"ಅದನ್ನೂ ಜಾಲಿಸಿದೆ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ, ಅಪ್ಪನ ಮುಖ ಸಣ್ಣದಾದದ್ದು ಕಂಡೋ ಏನೋ, ಜೋಳದ ನಡುವಿನ ಅಕ್ಕಡಿ ಸಾಲಿನಿಂದ ಒಂದು ತೊಗರಿ ಗಿಡ ಕಿತ್ತು ಬೇರು ಝಾಡಿಸಿ ತೋರಿಸಿದರು. ಬೇರಿನ ತುಂಬ ಸಾಸಿವೆಯಷ್ಟು ಗಂಟುಗಳು. "ಇದರೊಳಗೂ ಕಣ್ಣಿಗೆ ಕಾಣದ ಜೀವಿಗಳೇ ಇವೆ. ಇವೂ ಗಿಡದ ಒಳಗೇ ಮನೆ ಮಾಡಿಕೊಂಡಿವೆ, ಗಿಡ ಕೊಟ್ಟಿದ್ದನ್ನೇ ತಿನ್ನುತ್ತವೆ. ಆದರೆ ತಿರುಗಿ ಗಿಡಕ್ಕೂ ಉಣ್ಣಿಸುತ್ತವೆ. ನಿಮ್ಮ ಹಿರಿಯರು ತೊಗರಿ ಸಾಲು ಬಿಡದೆ ಇದ್ದದ್ದು ಒಳ್ಳೆಯದಾಯಿತು." ಅಕ್ಕನ ಕೈಯ ರೊಟ್ಟಿ ತಿಂದುಕೊಂಡು ಅದೇ ಮನೆಯಲ್ಲಿ ಬೆಳೆದ ನಾನು ಈ ಎರಡರಲ್ಲಿ ಯಾವ ಜಾತಿ ಎಂದು ಆಗಲೇ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಅನ್ನಿಸಿದ್ದು, ಇವರು ಬೇಗ ಹೋದರೆ ಸಾಕು ಎಂದು ಮಾತ್ರ.

ಸಂಜೆ ಅಕ್ಕ ಒಲೆಯ ಮುಂದೆ ಕೂತು ಕೇಳಿದಳು, "ಸಾಹೇಬ್ರು ಏನಂದ್ರು?"

"ಏನೂ ಇಲ್ಲ. ಬರ್ಕಂಡ್ರು."

"ನೀನು ಸರಿಯಾಗೇ ಅದ್ದಿದ್ಯಲ್ಲ?"

"ಹೂಂ."

"ಹಂಗಾದ್ರೆ ನಂದೇ ಇರ್ಬೇಕು ಬಿಡು" ಎಂದಳು. ನನಗೆ ಗರಿಗರಿ ರೊಟ್ಟಿ ಎತ್ತಿಟ್ಟಿದ್ದಳು. ನಾನು ತಿಂದೆ.

ಮಾತು ಹೊಳಲ್ಕೆರೆಗೆ ಮುಟ್ಟಿತು. ಕೈಗುಣ ಕೇಳಿ ಒಪ್ಪಿದ್ದ ಮನೆಯವರು ಕೈಗುಣದ ಮಾತಿನ ಮೇಲೆಯೇ ಹಿಂದೆ ಸರಿದರು. ಅಕ್ಕ ಹೊಸ ಸೀರೆಯನ್ನು ಮಡಿಸಿ ಕೊಟ್ಟು ಕಳಿಸಿದಳು. ಮುಂದಿನ ವರ್ಷ ಮೊದಲ ಬೊಗಸೆ ತೆಗೆಯಲು ಅಜ್ಜಿ ಅವಳನ್ನು ಕರೆಯಲಿಲ್ಲ. ಕೂರಿಗೆ ಹೂಡುವ ಮುಂಜಾನೆ ಅವಳು ದನಗಳ ಅಂಕಣದಲ್ಲಿ ಸಗಣಿ ಬಾಚುತ್ತಾ, ಬೀಜದ ಚೀಲ ದಾಟಿ ಹೋಗುವವರೆಗೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಯಾರೂ ಹಾಗೆ ನಿಲ್ಲು ಎಂದಿರಲಿಲ್ಲ. ಊರಿನಲ್ಲೂ ಮೈಲುತುತ್ತವನ್ನು ಯಾರೂ ಮುಟ್ಟಲಿಲ್ಲ. ಅವರ ಮನೆಯಲ್ಲೇ ಹತ್ತಲಿಲ್ಲವಲ್ಲ ಎಂದರು. ಹೀಗೆ ನಾನು ಒಂದು ಹೊಲವನ್ನಲ್ಲ, ಒಂದು ಊರಿನ ಹೊಲಗಳನ್ನು ಎಷ್ಟೋ ವರ್ಷ ಆ ಕಪ್ಪು ಪುಡಿಗೆ ಬಿಟ್ಟುಕೊಟ್ಟೆ. ಎರಡು ವರ್ಷದ ಮೇಲೆ ಅಕ್ಕನನ್ನು ರಾಮಗಿರಿಯ ಒಬ್ಬರಿಗೆ ಕೊಟ್ಟರು. ಮೊದಲ ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದ ಮನುಷ್ಯ. ಒಳ್ಳೆಯವರೇ. ಆದರೆ ಅವಳಿಗಾಗಿ ಬಂದವರಲ್ಲ, ಮಕ್ಕಳಿಗಾಗಿ ಬಂದವರು. ಮದುವೆಯ ದಿನ ಅವಳ ಕಣ್ಣಿಗೆ ಕಾಡಿಗೆ ಇರಲಿಲ್ಲ. ಹಚ್ಚಲು ಬಂದ ಅವ್ವನ ಕೈಯನ್ನು ಹಿಡಿದು ಕೆಳಗಿಳಿಸಿದ್ದಳು.

ಅಜ್ಜಿ, ಅಪ್ಪ, ಅವ್ವ ಒಬ್ಬೊಬ್ಬರಾಗಿ ಹೋದರು. ಹೇಳಬೇಕಾದವರ ಸಂಖ್ಯೆ ಕಡಿಮೆಯಾದಂತೆ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನನ್ನ ತಲೆ ನರೆತ ಮೇಲೆ, ಅಕ್ಕನಿಗೆ ಮೊಮ್ಮಗಳು ಹುಟ್ಟಿದಳೆಂದು ತಿಳಿದು, ದಾವಣಗೆರೆಯಲ್ಲಿ ರೈಲು ಹತ್ತಿ ರಾಮಗಿರಿಯಲ್ಲಿ ಇಳಿದೆ. ಬಿತ್ತನೆಯ ದಿನಗಳು. ಮಧ್ಯಾಹ್ನದ ಹೊತ್ತು. ಅಕ್ಕ ಜಗುಲಿಯ ಮೇಲೆ ಕೂತಿದ್ದಳು, "ಬಾರಪ್ಪ, ಕುಂತ್ಕ" ಎಂದು ನೀರು ಬೆಲ್ಲ ಕೊಟ್ಟಳು. ಒಳಗೆ ಸೊಸೆ ಮಗುವಿಗೆ ಸ್ನಾನ ಮಾಡಿಸಿ, ಹರಳೆಣ್ಣೆ ದೀಪದ ಮಸಿ ಹಿಡಿದು ಕಾಡಿಗೆ ಅರೆಯುತ್ತಿದ್ದಳು. ವಾಸನೆ ಹೊರಗೆ ಬಂತು. ಅಕ್ಕ ದಡಕ್ಕನೆ ಎದ್ದಳು.

"ಬ್ಯಾಡ ಕಣವ್ವ. ಬೀಜ ತೆಗೆಯಾ ವಾರ. ಮನೆಯಾಗೆ ಕಾಡಿಗೆ ಬ್ಯಾಡ ಅಂತ ಎಷ್ಟು ಸಲ ಹೇಳ್ಲಿ?"

"ಸುಮ್ಕಿರ್ರಿ ಅತ್ತೆ. ಬೋಳುಗಣ್ಣಿನ ಕೂಸು ಅಂತ ಓಣಿಯೋರೆಲ್ಲ ನಗ್ತಾರೆ. ನಿಮ್ಮ ಮಗನ್ನೂ ಹಂಗೇ ಬೆಳೆಸಿದ್ರಂತೆ."

"ನಗ್ಲಿ. ನನ್ ಕಣ್ಣಿನ ಕಾಡಿಗೆಯಿಂದ ಒಂದು ಬೆಳೆನೇ ಹೋಗೈತೆ. ನಿಂಗೇನು ಗೊತ್ತು?"

ನನ್ನ ಕೈಯಲ್ಲಿದ್ದ ಬೆಲ್ಲದ ತುಂಡು ಅಂಟಿಕೊಂಡಿತ್ತು. ಆ ಮನೆಯಲ್ಲಿ ನಾನು ಒಮ್ಮೆಯೂ ಮೈಲುತುತ್ತವನ್ನು ಕೈಯಲ್ಲಿ ಹಿಡಿದವನಲ್ಲ, ಆದರೂ ನನ್ನ ಸುಳ್ಳು ಅಲ್ಲಿಗೂ ಬಂದು ಇನ್ನೊಂದು ಕೂಸಿನ ಕಣ್ಣಿನವರೆಗೆ ಏರಿತ್ತು. ಅಕ್ಕ ಮತ್ತೆ ಬಂದು ಕೂತಾಗ ಎಲ್ಲವನ್ನೂ ಹೇಳಿದೆ. ಬೇವಿನ ಟೊಂಗೆ, ನಾಲ್ಕು ಸಲ ಚಿಮುಕಿಸಿದ್ದು, ತಿಪ್ಪೆಗೆ ಬೋರಲು ಹಾಕಿದ ಬಾನಿ, ಸಾಹೇಬರಿಗೆ ಕೊಟ್ಟ ಉತ್ತರ.

ಅವಳು ನೆಲ ನೋಡುತ್ತಾ ಕೇಳಿದಳು, "ಮ್ಯಾಲೆ ಮಾತ್ರ ಚಿಮುಕಿಸಿದ್ಯಾ?"

"ಹೂಂ."

"ಕುಸ್ತಿಗೆ?"

"ಹೂಂ ಅಕ್ಕ."

"ಆ ರುಮಾಲು ನಾನೇ ಸುತ್ತಿದ್ದೆ." ನೀರಿನ ಚೊಂಬನ್ನು ಪಕ್ಕಕ್ಕೆ ಸರಿಸಿದಳು. "ಅಜ್ಜಿ ಹೋಗಾ ದಿನ ಬಾಯಿಗೆ ನೀರು ಬಿಡಾಕೆ ಲೋಟ ಎತ್ಕಂಡೆ. ನನ್ನ ಕೈ ನೋಡಿ ಮುಖ ತಿರುಗಿಸ್ಕಂಡ್ಲು. ನೀನು ಅಲ್ಲೇ ನಿಂತಿದ್ದೆ."

"ನಿಂತಿದ್ದೆ."

"ನನ್ನ ಕೂಸುಗಳ ಕಣ್ಣಿಗೆ ಒಂದು ದಿನ ಕಾಡಿಗೆ ಹಚ್ಚಿ ನೋಡ್ಲಿಲ್ಲ ಕಣಲೇ ನಾನು. ಈ ಮನೆಗೆ ಬಂದು ಇಷ್ಟು ವರ್ಷ ಆತು, ಬೀಜದ ಗುಡಾಣ ಮುಟ್ಟಿಲ್ಲ."

ನಾನು ಅವಳ ಕಾಲಿನ ಕಡೆ ಬಗ್ಗಿ, ಗಂಟಲೊಳಗೇ ಏನೋ ಗೊಣಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನಂಗೊಬ್ಳಿಗೇ ಕೇಳೋ ಹಂಗೆ ಹೇಳ್ಬ್ಯಾಡ. ಅವತ್ತು ಪಡಸಾಲೆಯಾಗೆ ಎಲ್ರ ಮುಂದೆ ಅಂದ್ರು ನಂಗೆ. ಒಳಗೆ ಸೊಸೆ ಅದಾಳೆ. ಅವ್ಳಿಗೆ ಕೇಳ್ಲಿ. ಎದ್ದು ನಿಂತ್ಕಂಡು ಹೇಳು."

ನಾನು ಜಗುಲಿಯ ಕಂಬ ಹಿಡಿಯದೆ ಎದ್ದು ನಿಂತೆ. ಒಳಗೆ ಕಾಡಿಗೆ ಅರೆಯುವ ಸದ್ದು ನಿಂತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ನಾನು ಗಟ್ಟಿಯಾಗಿ ಹೇಳಿದೆ:

"ನಮ್ಮಕ್ಕ ಹಾಲಮ್ಮನ ಕೈಯಾಗೂ ಏನೂ ಇರ್ಲಿಲ್ಲ, ಕಣ್ಣಾಗೂ ಏನೂ ಇರ್ಲಿಲ್ಲ. ಬೀಜ ಅದ್ದದೆ ಅದ್ದಿದೆ ಅಂದೋನು ನಾನು. ಗೊತ್ತಿದ್ದೂ ಬಾಯಿ ಮುಚ್ಕಂಡು ನಿಂತೋನು ನಾನು. ತಪ್ಪಾತು ಅಕ್ಕ. ನಂದು ತಪ್ಪಾತು."